ಸೌದೆ ತೇಲಿಸಿದ ಊರು ಕ್ಲಾಮ್‌ಸಿ

ಭೂಪಟದ ಪುಸ್ತಕವೊಂದು ಮನೆಯಲ್ಲಿದ್ದರೆ ಫ್ರಾನ್ಸ್ ದೇಶದ ಹಾಳೆಯನ್ನು ತೆರೆದು ನೋಡಿ. ಪ್ಯಾರಿಸ್ ನಗರದಿಂದ ತೆಂಕಣಕ್ಕೆ, ತುಸು ಮೂಡಣಕ್ಕೆ ವಾಲಿದಂತೆ ಬೆರಳನ್ನು ಸರಿಸುತ್ತ ಬನ್ನಿ. ಸುಮಾರು 200 ಕಿಲೋಮೀಟರು ದೂರದಲ್ಲಿ, ಯೋನ್ ಎಂಬ ನದಿಗೆ ಬವ್ರಾಂ ಎಂಬ ಕಿರುಹೊಳೆ ಬಂದು ಸೇರುವೆಡೆಯಲ್ಲಿ ಒಂದು ಚುಕ್ಕೆ ಕಾಣಬೇಕು. ಭೂಪಟ ಚಿಕ್ಕದಾಗಿದ್ದರೆ ಆ ಚುಕ್ಕೆಯೂ ಇರಲಾರದು. ಅದೇ ಕ್ಲಾಮ್‌ಸಿ. ಇಂದಿಗೂ ಅಲ್ಲಿನ ಜನಸಂಖ್ಯೆ ನಾಲ್ಕು ಸಾವಿರವನ್ನು ಮುಟ್ಟುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದು ಪಟ್ಟಣವೇ ಅಲ್ಲ. ದೊಡ್ಡ ಹಳ್ಳಿ ಎಂದೇವು.

ಇಷ್ಟು ದೂರದ, ಇಷ್ಟು ಸಣ್ಣ ಊರಿನ ಚರಿತ್ರೆ ನಮಗೇಕೆ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ನನಗೆ ಆ ಊರಿನ ಹೆಸರು ತಿಳಿದುಬಂದದ್ದು ರೊಮೇನ್ ರೋಲಾ ಅವರಿಂದ. ಗಾಂಧೀಜಿ, ರಾಮಕೃಷ್ಣ ಪರಮಹಂಸರು, ಸ್ವಾಮಿ ವಿವೇಕಾನಂದರು, ಈ ಮೂವರ ಚರಿತ್ರೆಯನ್ನೂ ಫ್ರೆಂಚ್ ಭಾಷೆಯಲ್ಲಿ ಬರೆದು ಯೂರೋಪಿನ ಜನಕ್ಕೆ ಮುಟ್ಟಿಸಿದ ಮಹನೀಯರು ಅವರು. ಇಂಥವರು ಹುಟ್ಟಿ ಬೆಳೆದ ನೆಲ ಎಂಥದು ಎಂಬ ಕುತೂಹಲದಿಂದ ಹುಡುಕಹೊರಟೆ. ಊರನ್ನು ಕುರಿತು ಓದುತ್ತ ಹೋದಂತೆ ರೋಲಾ ಅವರನ್ನೇ ಕೆಲವು ದಿನ ಮರೆತುಬಿಟ್ಟೆ. ಮರೆಸಿದ್ದು ಸೌದೆ. ಹೌದು, ಒಲೆಗೆ ಇಡುವ ಸೌದೆಯೇ. ಆ ಕಥೆಗೆ ಬರುವ ಮುನ್ನ ಊರಿನ ಇನ್ನೊಂದು ವಿಚಿತ್ರವನ್ನು ಹೇಳಿಬಿಡುತ್ತೇನೆ.

ಏಸುಕ್ರಿಸ್ತ ಹುಟ್ಟಿದ ಬೆತ್ಲೆಹೇಮ್ ಎಲ್ಲಿ, ಫ್ರಾನ್ಸಿನ ಕ್ಲಾಮ್‌ಸಿ ಎಲ್ಲಿ! ಆದರೂ ಬೆತ್ಲೆಹೇಮಿನ ಬಿಷಪ್ಪರು ಐದು ಶತಮಾನಗಳಿಗೂ ಮೀರಿದ ಕಾಲ ಕ್ಲಾಮ್‌ಸಿಯಲ್ಲಿ ವಾಸವಾಗಿದ್ದರು. ಆ ಸೀಮೆಯನ್ನು ಆಳುತ್ತಿದ್ದ ನೆವೇರಿನ ನಾಲ್ಕನೆಯ ಗಿಯೋಮ್ ಎಂಬ ದೊರೆ ಪ್ಯಾಲೆಸ್ತೀನಿನ ಧರ್ಮಯುದ್ಧಕ್ಕೆಂದು ಹೋಗಿ 1168ರಲ್ಲಿ ಅಕ್ಕಾ ಪಟ್ಟಣದಲ್ಲಿ ರೋಗದಿಂದ ತೀರಿಕೊಂಡ. ಸಾಯುವ ಮುನ್ನ ಕ್ಲಾಮ್‌ಸಿಯ ಹೊಳೆಯಾಚೆ ತನಗೆ ಸೇರಿದ್ದ ಧರ್ಮಾಸ್ಪತ್ರೆಯೊಂದನ್ನು ಬೆತ್ಲೆಹೇಮಿನ ಬಿಷಪ್ಪರಿಗೆ ಬರೆದುಕೊಟ್ಟ. ಮುಂದೆಂದಾದರೂ ಬೆತ್ಲೆಹೇಮ್ ಕೈತಪ್ಪಿದರೆ ಅವರಿಗೊಂದು ನೆಲೆ ಇರಲಿ ಎಂಬುದು ಅವನ ಎಣಿಕೆ. ಎಣಿಸಿದಂತೆಯೇ ಆಯಿತು. 1187ರಲ್ಲಿ ಸಲಾದಿನ್ ಸುಲ್ತಾನನ ಸೈನ್ಯ ಆ ಪ್ರದೇಶವನ್ನೆಲ್ಲ ಗೆದ್ದುಕೊಂಡಿತು. ಹದಿಮೂರನೆಯ ಶತಮಾನದಲ್ಲಿ ಬಿಷಪ್ಪರು ಬಂದು ಕ್ಲಾಮ್‌ಸಿಯ ಹೊಳೆಯ ದಡದಲ್ಲಿ ನೆಲೆಸಿದರು. ಹೆಸರೇನೋ ಬೆತ್ಲೆಹೇಮಿನ ಬಿಷಪ್. ಆಳುವುದಕ್ಕೆ ಇದ್ದದ್ದು ಒಂದು ಆಸ್ಪತ್ರೆ, ಒಂದು ಸಣ್ಣ ಗುಡಿ, ಸುತ್ತಣ ನಾಲ್ಕು ಕೇರಿ. ಪಕ್ಕದ ಒಸೇರಿನ ಬಿಷಪ್ಪರಿಗೆ ಇದು ಸಹಿಸಲಿಲ್ಲ. ತಮ್ಮ ಎಲ್ಲೆಯೊಳಗೆ ಇನ್ನೊಬ್ಬ ಬಿಷಪ್ ಹೇಗೆ ಇರಬಹುದು ಎಂದು ತಕರಾರು ಹೂಡುತ್ತಲೇ ಬಂದರು. ಮಠಮಠಗಳ ನಡುವಿನ ಇಂಥ ವ್ಯಾಜ್ಯಗಳನ್ನು ಕಂಡು ಕೇಳಿದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1789ರ ಮಹಾಕ್ರಾಂತಿ ಬಂದಾಗ ಆ ಪೀಠವೇ ಹೋಯಿತು. ಬಿಷಪ್ಪರ ಹಳೆಯ ಗುಡಿ ಮುಂದೊಂದು ಕಾಲಕ್ಕೆ ಹೋಟೆಲಿನ ಊಟದ ಮನೆಯಾಯಿತು. ಆದರೆ ಹೊಳೆಯಾಚೆಯ ಕೇರಿಗೆ ಬೆತ್ಲೆಹೇಮ್ ಎಂಬ ಹೆಸರು ನಿಂತಿತು. ಅಲ್ಲಿಗೆ ದಾಟಿಸುವ ಸೇತುವೆಯೂ ಬೆತ್ಲೆಹೇಮ್ ಸೇತುವೆಯೇ.

ಈ ಕೇರಿಯಲ್ಲಿ ಬಿಷಪ್ಪರ ನೆರೆಯವರಾಗಿ ಬಾಳಿದವರು ಯಾರು? ಬಹುಮಟ್ಟಿಗೆ ತೆಪ್ಪದಾಳುಗಳು. ಇವರೇ ನಮ್ಮ ಕಥಾನಾಯಕರು.

ಹದಿನಾರನೆಯ ಶತಮಾನದ ನಡುವಿಗೆ ಬನ್ನಿ. ಪ್ಯಾರಿಸ್ ಆಗಲೇ ಯೂರೋಪಿನ ಮಹಾನಗರಗಳಲ್ಲಿ ಒಂದು. ಅಲ್ಲಿನ ಚಳಿಗಾಲ ನಮ್ಮ ಮಾಗಿಯಂಥದಲ್ಲ. ಹೊಳೆ ಹೆಪ್ಪುಗಟ್ಟುವ ಚಳಿ. ಅಡುಗೆಗೆ ಸೌದೆ, ರೊಟ್ಟಿ ಸುಡುವ ಭಟ್ಟಿಗೆ ಸೌದೆ, ಮೈ ಕಾಯಿಸಿಕೊಳ್ಳಲು ಸೌದೆ. ನಗರದ ಸುತ್ತಣ ಕಾಡೆಲ್ಲ ಕಡಿದು ಮುಗಿಯುತ್ತ ಬಂದಿತು. ಸೌದೆ ಗಾಡಿಯ ಮೇಲೆ ದೂರದಿಂದ ಬರಬೇಕಾದರೆ ಸೌದೆಯ ಬೆಲೆಗಿಂತ ಎತ್ತು ಕುದುರೆಗಳ ಬಾಡಿಗೆಯೇ ಹೆಚ್ಚಾದೀತು. ಇತ್ತ ಕ್ಲಾಮ್‌ಸಿಯ ಮೇಲುಗಡೆ ಮೊರ್ವಾಂ ಎಂಬ ಬೆಟ್ಟಸೀಮೆ. ಓಕ್ ಮರ, ಬೀಚ್ ಮರ ಎಣಿಕೆಗೆ ಸಿಗದಷ್ಟು. ಕೊಳ್ಳುವವರು ಮಾತ್ರ ಇಲ್ಲ. ಕಾಡಿಗೂ ನಗರಕ್ಕೂ ನಡುವೆ ನೀರು ಹರಿಯುತ್ತಿತ್ತು. ಬೆಟ್ಟದ ತೊರೆಗಳು ಯೋನ್ ನದಿಯನ್ನು ಸೇರುತ್ತವೆ, ಯೋನ್ ಸೇನ್ ನದಿಯನ್ನು ಸೇರುತ್ತದೆ, ಸೇನ್ ಪ್ಯಾರಿಸ್ಸಿನ ನಡುವೆಯೇ ಹಾದುಹೋಗುತ್ತದೆ. ಬೆಟ್ಟದಲ್ಲಿ ಕಡಿದ ಸೌದೆಯನ್ನು ನೀರೇ ಹೊತ್ತುಕೊಂಡು ಹೋಗಿ ರಾಜಧಾನಿಯ ಬಾಗಿಲಿಗೆ ಇಳಿಸಲಿ ಎಂಬ ಉಪಾಯ ಹುಟ್ಟಿದ್ದು ಹೀಗೆ.

ಉಪಾಯ ಹೇಳುವುದಕ್ಕೆ ಸುಲಭ, ನಡೆಸುವುದಕ್ಕೆ ಅಲ್ಲ. ಕೆಲಸದ ಬಗೆಯನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಚಳಿಗಾಲದಲ್ಲಿ ಮರ ಕಡಿದು, ಸುಮಾರು 1.14 ಮೀಟರು ಉದ್ದದ ಕೊರಡುಗಳಾಗಿ ತುಂಡರಿಸಿ ತೊರೆಗಳ ದಡಕ್ಕೆ ಒಟ್ಟುತ್ತಿದ್ದರು. ಸೌದೆ ಒಬ್ಬ ವರ್ತಕನದಲ್ಲ, ಹಲವರದು. ಆದಕಾರಣ ಒಬ್ಬೊಬ್ಬ ವರ್ತಕನಿಗೂ ಒಂದೊಂದು ಗುರುತು. ಆ ಗುರುತು ಕೆತ್ತಿದ ಕಬ್ಬಿಣದ ಸುತ್ತಿಗೆಯಿಂದ ಕೊರಡಿನ ತುದಿಗೆ ಹೊಡೆದು ಮುದ್ರೆ ಒತ್ತುತ್ತಿದ್ದರು. ಮೇಲುಗಡೆ ಕೆರೆಕಟ್ಟೆಗಳಲ್ಲಿ ನೀರು ನಿಲ್ಲಿಸಿರುತ್ತಿದ್ದರು. ಗೊತ್ತಾದ ದಿನ ತೂಬು ಎತ್ತಿದರೆ ನೀರು ನುಗ್ಗಿ ಬರುವುದು. ಅದೇ ಗಳಿಗೆಗೆ ಗಂಡು ಹೆಣ್ಣು ಮಕ್ಕಳೆನ್ನದೆ ಎಲ್ಲರೂ ಸೇರಿ ಕೊರಡುಗಳನ್ನು ಪ್ರವಾಹಕ್ಕೆ ದೂಡುವರು. ಬಿಡಿಬಿಡಿಯಾಗಿ ಹೀಗೆ ತೇಲಿಬಿಟ್ಟ ಸೌದೆಗೆ ಆ ಜನ ಇಟ್ಟ ಹೆಸರಿನ ಅರ್ಥ ‘ಕಳೆದುಹೋದ ಕೊರಡು’ ಎಂದು. ಎಂಥ ಒಳ್ಳೆಯ ಹೆಸರು! ಕೈಬಿಟ್ಟ ಮೇಲೆ ಅದು ಯಾರದೂ ಅಲ್ಲ, ನೀರಿನದು. ದಡದುದ್ದಕ್ಕೂ ಆಳುಗಳು ಕೊಕ್ಕೆಗೋಲು ಹಿಡಿದು ನಡೆಯುತ್ತ, ಬಂಡೆಗೆ ಬೇರಿಗೆ ಸಿಕ್ಕಿಬಿದ್ದ ಕೊರಡುಗಳನ್ನು ಬಿಡಿಸಿ ಮುಂದೆ ತಳ್ಳುತ್ತಿದ್ದರು.

ಕ್ಲಾಮ್‌ಸಿಗೆ ಬಂದಾಗ ಅಡ್ಡಗಟ್ಟೆಯಲ್ಲಿ ಸೌದೆ ತಡೆದು ನಿಲ್ಲುವುದು. ಅಲ್ಲಿ ನೀರಿನಿಂದ ಮೇಲೆಳೆದು, ಮುದ್ರೆ ನೋಡಿ, ಇದು ಇವನದು ಅದು ಅವನದು ಎಂದು ಆರಿಸಿ, ದಡದ ಮೇಲೆ ಆಳೆತ್ತರಕ್ಕೂ ಮೀರಿ ಪೇರಿಸಿ ಒಣಗಿಸುತ್ತಿದ್ದರು. ಸೊಂಟಮಟ್ಟದ ತಣ್ಣೀರಿನಲ್ಲಿ ನಿಂತು ಮಾಡುವ ಕೆಲಸ. ಓದಿಲ್ಲದ ಜನವಾದರೂ ಆ ನೂರಾರು ಮುದ್ರೆಗಳನ್ನು ಕಣ್ಣೋಟದಲ್ಲೇ ಗುರುತಿಸುತ್ತಿದ್ದರಲ್ಲ, ಅಕ್ಷರ ಕಲಿಸಿಯೇ ಜೀವನ ಕಳೆದ ನನಗೆ ಇದು ಸೋಜಿಗವಾಗಿ ಕಾಣುತ್ತದೆ.

ಇನ್ನು ತೆಪ್ಪ ಕಟ್ಟುವುದು. ಹಗ್ಗವಿಲ್ಲ, ಮೊಳೆಯಿಲ್ಲ. ಎಳೆಯ ಬರಲುಗಳನ್ನು ನಾರಿನಂತೆ ತಿರುಚಿ, ಅದರಿಂದಲೇ ಕೊರಡುಗಳನ್ನು ಉದ್ದ ಗಳಗಳಿಗೆ ಬಿಗಿದು ಕಂತೆಗಳಾಗಿ ಮಾಡಿ, ಕಂತೆಗೆ ಕಂತೆ ಜೋಡಿಸಿದರೆ ಸುಮಾರು 75 ಮೀಟರು ಉದ್ದದ, 4.5 ಮೀಟರು ಅಗಲದ ತೆಪ್ಪವಾಗುವುದು. ಅದರಲ್ಲಿ ಸುಮಾರು 200 ಘನ ಮೀಟರು ಸೌದೆ ಹಿಡಿಯುತ್ತಿತ್ತು. ಇಷ್ಟು ದೊಡ್ಡದನ್ನು ನಡೆಸುವವರು ಎಷ್ಟು ಜನರೆಂದು ಬಲ್ಲಿರಾ? ಇಬ್ಬರು. ಮುಂದುಗಡೆ ಗಣೆ ಹಿಡಿದು ನಿಂತ ತೆಪ್ಪದಾಳು. ಹಿಂದುಗಡೆ ಒಬ್ಬ ಹುಡುಗ. ಎಷ್ಟೋ ವೇಳೆ ಅವನ ಮಗನೇ. ತೆಪ್ಪ ಹೊರಡುವ ದಿನ ಮೇಲಿನ ಕಟ್ಟೆಗಳಿಂದ ನೀರು ಬಿಡುವರು. ಆ ನೀರಿನ ಏರಿನ ಮೇಲೆ ಸವಾರಿ. ಹೊಳೆಗೆ ಅಡ್ಡ ಕಟ್ಟಿದ ಒಡ್ಡುಗಳಲ್ಲಿ ಇಕ್ಕಟ್ಟಾದ ಗಂಡಿಗಳಿದ್ದವು. 75 ಮೀಟರಿನ ತೆಪ್ಪ ಹಾವಿನಂತೆ ಬಳುಕಿ ಆ ಗಂಡಿಯೊಳಗೆ ನುಸುಳಬೇಕು. ಒಂದು ಮೊಳ ಆಚೀಚೆಯಾದರೆ ಕಲ್ಲಿಗೆ ಬಡಿದು ಚೂರು, ಆಳೂ ನೀರುಪಾಲು. ಕೆಳಗೆ ಹೊಳೆ ಅಗಲವಾಗಿ, ಅಪಾಯ ಕಡಿಮೆಯಾದ ಮೇಲೆ ಎರಡು ತೆಪ್ಪಗಳನ್ನು ಒಂದಕ್ಕೊಂದು ಗಂಟುಹಾಕುತ್ತಿದ್ದರು. ಆಗ ಹುಡುಗನ ಕೆಲಸ ಮುಗಿಯುವುದು. ಅವನು ದಾರಿಯ ನಡುವೆಯೇ ಇಳಿದು ಊರಿಗೆ ನಡೆದುಕೊಂಡು ಹಿಂದಿರುಗುವನು. ಒಬ್ಬನೇ, ಬುತ್ತಿ ಗಂಟು ಹೆಗಲಿಗೇರಿಸಿಕೊಂಡು.

ನೀರಿನ ಅನುಕೂಲ ನೋಡಿಕೊಂಡು ಹತ್ತು ಹನ್ನೆರಡು ದಿನಕ್ಕೆ ಪ್ಯಾರಿಸ್. ಅಲ್ಲಿ ಸೇನ್ ನದಿಯ ನಡುವೆ ಲೂವಿಯೇ ಎಂಬ ನಡುಗಡ್ಡೆಯಿತ್ತು. ಪೂರ್ತಿ ಸೌದೆಯ ಮಂಡಿ ಅದು. 1840ರ ದಶಕದಲ್ಲಿ ಕವಲನ್ನು ಮುಚ್ಚಿ ಅದನ್ನು ದಡಕ್ಕೆ ಸೇರಿಸಿಬಿಟ್ಟರು. ಅಲ್ಲಲ್ಲಿನ ಹೊಳೆದಡದಲ್ಲಿ ತೆಪ್ಪವನ್ನು ಬಿಚ್ಚಿ ಸೌದೆ ದಡಕ್ಕೆ ಹಾಕಿದರೆ ತೆಪ್ಪವೇ ಇಲ್ಲ! ಬಂದವನಿಗೆ ಹಿಂದಿರುಗಲು ವಾಹನವಿಲ್ಲ. ಕೂಲಿ ಎಣಿಸಿಕೊಂಡು ಕ್ಲಾಮ್‌ಸಿಗೆ ನಡೆದೇ ಹೊರಡಬೇಕು. ನಾಲ್ಕೈದು ದಿನಗಳ ದಾರಿ. ಊರು ಮುಟ್ಟಿ, ಒಂದು ರಾತ್ರಿ ಮಲಗಿ ಎದ್ದರೆ ಮತ್ತೊಂದು ತೆಪ್ಪ ಕಾದಿರುತ್ತಿತ್ತು. ಹೀಗೆ ಒಂದು ವರುಷವಲ್ಲ, ಒಂದು ತಲೆಮಾರಲ್ಲ, ಮುನ್ನೂರು ವರ್ಷಗಳಿಗೂ ಹೆಚ್ಚು. ರಾಜರು, ರಾಣಿಯರು, ವಾಲ್ಟೇರನಂಥ ಮೇಧಾವಿಗಳು, ಕ್ರಾಂತಿಯ ಮುಖಂಡರು, ಎಲ್ಲರೂ ಪ್ಯಾರಿಸ್ಸಿನಲ್ಲಿ ಚಳಿ ಕಾಯಿಸಿಕೊಂಡಾಗ ಒಲೆಯಲ್ಲಿ ಉರಿಯುತ್ತಿದ್ದ ಸೌದೆಯಲ್ಲಿ ಬಹುಪಾಲು ಈ ನೀರಿನ ದಾರಿಯಲ್ಲೇ ಬಂದದ್ದು. ಚರಿತ್ರೆಯ ಪಾಠದಲ್ಲಿ ನಾವು ರಾಜರ ಹೆಸರು ಬಾಯಿಪಾಠ ಮಾಡಿಸುತ್ತೇವೆ. ಅವರ ಒಲೆಗೆ ಸೌದೆ ಎಲ್ಲಿಂದ ಬಂತೆಂದು ಯಾವ ಹುಡುಗನೂ ಕೇಳುವುದಿಲ್ಲ. ನಾವೂ ಹೇಳುವುದಿಲ್ಲ.

ಈ ವಿದ್ಯೆಯನ್ನು ಕಂಡುಹಿಡಿದವರು ಯಾರು ಎಂಬುದಕ್ಕೆ ಊರು ಬಹಳ ಕಾಲ ಒಂದೇ ಹೆಸರು ಹೇಳಿತು. ಜಾನ್ ರೂವೆ ಎಂಬ ಪ್ಯಾರಿಸ್ಸಿನ ವರ್ತಕ, 1549. ಬೆತ್ಲೆಹೇಮ್ ಸೇತುವೆಯ ಬಳಿ ಅವನ ಎದೆಮಟ್ಟದ ಪ್ರತಿಮೆಯನ್ನು 1828ರಲ್ಲಿ ನಿಲ್ಲಿಸಿದರು. ಅದನ್ನು ಕಡೆದವನು ದವೀದ್ ದಾಂಜೇ ಎಂಬ ಹೆಸರಾಂತ ಶಿಲ್ಪಿ. ಆದರೆ ರೂವೆಗಿಂತ ಎರಡು ವರ್ಷ ಮೊದಲೇ, 1547ರಲ್ಲಿ, ಷಾರ್ಲ್ ಲಕೋಂತ್ ಎಂಬ ಮರಗೆಲಸದ ಮೇಸ್ತ್ರಿ ಪ್ಯಾರಿಸ್ಸಿಗೆ ತೆಪ್ಪ ತಂದಿದ್ದನೆಂದು ಚರಿತ್ರಕಾರರು ತೋರಿಸಿದ್ದಾರೆ. ರೂವೆಯ ಹಿಂದೆಯೂ ಮುಂದೆಯೂ ಬೇರೆ ವರ್ತಕರ ಕೈ ಇದರಲ್ಲಿದೆ. ನನ್ನನ್ನು ಕೇಳಿದರೆ, ಬಂಡವಾಳ ಹೂಡಿದವನ ಹೆಸರು ಉಳಿಯಿತು. ಬರಲು ತಿರುಚಿ ಗಂಟು ಹಾಕುವುದನ್ನು ಮೊದಲು ಕಂಡುಕೊಂಡ ಬೆಟ್ಟದ ಮನುಷ್ಯನ ಹೆಸರು ನೀರಿಗೆ ಹೋಯಿತು. ಅದೇ ಸೇತುವೆಯಲ್ಲಿ ಇನ್ನೊಂದು ಪ್ರತಿಮೆಯೂ ಇದೆ. ಇಪ್ಪತ್ತನೆಯ ಶತಮಾನದಲ್ಲಿ, ತೆಪ್ಪಗಳೆಲ್ಲ ನಿಂತುಹೋದ ಎಷ್ಟೋ ವರ್ಷಗಳ ಮೇಲೆ ಇಟ್ಟದ್ದು. ಅದು ಕೈಯಲ್ಲಿ ಗೋಲು ಹಿಡಿದ ತೆಪ್ಪದಾಳು. ಅವನಿಗೆ ಹೆಸರಿಲ್ಲ.

ಈ ಹೆಸರಿಲ್ಲದವರು ಬಾಯಿಲ್ಲದವರಾಗಿದ್ದರೆಂದು ಮಾತ್ರ ತಿಳಿಯಬೇಡಿ. ಪ್ಯಾರಿಸ್ಸಿಗೆ ಹೋಗಿ ಬರುವ ಜನ. ಕೂಲಿಯನ್ನಷ್ಟೇ ಅಲ್ಲದೆ ಸುದ್ದಿಯನ್ನೂ ತರುತ್ತಿದ್ದರು. ಕೂಲಿಗಾಗಿ ವರ್ತಕರೊಡನೆ ಸೆಣಸಿ ಕೆಲಸ ನಿಲ್ಲಿಸಿದ ಪ್ರಸಂಗಗಳು ಹಲವು. ಊರಿನ ಗಾಳಿಯಲ್ಲೇ ಒಂದು ಬಗೆಯ ತುಂಟತನವಿತ್ತೆಂದು ತೋರುತ್ತದೆ. 1801ರಲ್ಲಿ ಅಲ್ಲಿ ಹುಟ್ಟಿದ ಕ್ಲೋದ್ ತಿಲಿಯೇ ನಮ್ಮಂತೆಯೇ ಶಾಲೆಯ ಮಾಸ್ತರ. ದೊಡ್ಡವರನ್ನು ಚುಚ್ಚುವ ಕರಪತ್ರಗಳನ್ನು ಬರೆದು ಬರೆದು ಬಡತನದಲ್ಲೇ 1844ರಲ್ಲಿ ತೀರಿಕೊಂಡ. ‘ನನ್ನ ಮಾವ ಬೆಂಜಮಿನ್’ ಎಂಬ ಅವನ ನಗೆಗಾದಂಬರಿ ಅವನು ಸತ್ತ ಮೇಲೂ ಉಳಿಯಿತು.

ತಿಲಿಯೇ ಸತ್ತ ಏಳು ವರ್ಷಕ್ಕೆ ಊರು ನಗೆಯನ್ನು ಮರೆಯಬೇಕಾಯಿತು. 1848ರಲ್ಲಿ ಫ್ರಾನ್ಸಿನಲ್ಲಿ ಗಣರಾಜ್ಯ ಬಂದು ಗಂಡಸರಿಗೆಲ್ಲ ಮತದಾನದ ಹಕ್ಕು ದೊರೆತಿತ್ತು. ನೆಪೋಲಿಯನ್ನನ ತಮ್ಮನ ಮಗ ಲೂಯಿ ನೆಪೋಲಿಯನ್ ಅದೇ ಗಣರಾಜ್ಯದ ಅಧ್ಯಕ್ಷನಾಗಿ ಆರಿಸಿ ಬಂದು, 1851ರ ಡಿಸೆಂಬರ್ 2ರಂದು ಸೈನ್ಯದ ಬಲದಿಂದ ಶಾಸನಸಭೆಯನ್ನು ಮುರಿದ. ಪ್ಯಾರಿಸ್ಸಿನಲ್ಲಿ ಪ್ರತಿಭಟನೆ ಬೇಗ ಅಡಗಿತು. ಕ್ಲಾಮ್‌ಸಿಯಲ್ಲಿ ಡಿಸೆಂಬರ್ 5ರ ಸಂಜೆ ಜನ ಎದ್ದರು. ತೆಪ್ಪದಾಳುಗಳು, ಕಸಬುದಾರರು, ಸುತ್ತಣ ಹಳ್ಳಿಗಳವರು ಸೇರಿ ಸೆರೆಮನೆಯ ಬಾಗಿಲು ತೆರೆಸಿ ಗಣರಾಜ್ಯವಾದಿಗಳನ್ನು ಬಿಡಿಸಿದರು. ಗುಂಡು ಹಾರಿತು, ಎರಡು ಕಡೆಯೂ ಸತ್ತರು. ಎರಡು ದಿನ ಊರು ಬಂಡಾಯಗಾರರ ಕೈಯಲ್ಲಿತ್ತು. 7ನೆಯ ತಾರೀಖಿನ ಹೊತ್ತಿಗೆ ಸೈನ್ಯ ಬಂದಿತು, ಜನ ಕಾಡಿಗೆ ಚೆದರಿದರು. ಆ ಮೇಲೆ ನಡೆದದ್ದು ಬೇಟೆ. ಕಾಡು ಕಾಡು ಸೋಸಿ ಹಿಡಿದರು. ನೂರಾರು ಜನರನ್ನು ಆಲ್ಜೀರಿಯಕ್ಕೆ, ಕೆಲವರನ್ನು ಸಮುದ್ರದಾಚೆಯ ಗಯಾನದ ಜ್ವರಭೂಮಿಗೆ ಗಡೀಪಾರು ಮಾಡಿದರು. ಸರಕಾರದ ಕಡೆಯ ಪತ್ರಿಕೆಗಳು ಕ್ಲಾಮ್‌ಸಿಯೆಂದರೆ ಕಾಡುಮೃಗಗಳ ಊರೆಂಬಂತೆ ಬರೆದವು. ಆ ಜನ ಕೇಳಿದ್ದಾದರೂ ಏನು? ದೇಶದ ಕಾನೂನನ್ನು ಅಧ್ಯಕ್ಷನೂ ಪಾಲಿಸಲಿ ಎಂದು. ಮೂವತ್ತು ವರ್ಷದ ಮೇಲೆ, 1881ರಲ್ಲಿ, ಮತ್ತೆ ಬಂದ ಗಣರಾಜ್ಯವು ಈ ಸಂತ್ರಸ್ತರಿಗೆ ವಿಶ್ರಾಂತಿವೇತನ ಕೊಡುವ ಶಾಸನ ಮಾಡಿತು. ಎಷ್ಟೋ ಮಂದಿಯ ಪಾಲನ್ನು ಪಡೆಯಲು ಉಳಿದಿದ್ದವರು ಹೆಂಡಿರು, ಮಕ್ಕಳು.

ಇದೇ ಕಾಲಕ್ಕೆ ತೆಪ್ಪದ ಕಾಲವೂ ಮುಗಿಯುತ್ತ ಬಂದಿತು. 1784ರಲ್ಲಿ ಅಗೆಯಲು ತೊಡಗಿದ ನಿವೆರ್ನೆ ಕಾಲುವೆ 1840ರ ದಶಕದಲ್ಲಿ ಪೂರ್ತಿಯಾಗಿ, ದೋಣಿಗಳು ಸೌದೆ ಹೊತ್ತವು. ನೀರಿನ ಕೊರತೆ ನೀಗಲೆಂದು ಮೊರ್ವಾಂ ಬೆಟ್ಟದಲ್ಲಿ 1854ರಿಂದ 1858ರವರೆಗೆ ಸೆತ್ತೋಂ ಎಂಬ ದೊಡ್ಡ ಅಣೆಕಟ್ಟನ್ನೂ ಕಟ್ಟಿದರು. ಆದರೆ ಅಷ್ಟರಲ್ಲಿ ಪ್ಯಾರಿಸ್ಸಿಗರು ಕಲ್ಲಿದ್ದಲು ಉರಿಸತೊಡಗಿದ್ದರು, ರೈಲು ಬಂದಿತ್ತು. ಕೊನೆಯ ತೆಪ್ಪ ಕ್ಲಾಮ್‌ಸಿಯನ್ನು ಬಿಟ್ಟದ್ದು 1877ರಲ್ಲಿ. ಬಿಡಿ ಕೊರಡು ತೇಲಿಸುವ ಕೆಲಸ ಮಾತ್ರ ಮೇಲುಹೊಳೆಯಲ್ಲಿ 1920ರ ದಶಕದವರೆಗೂ ಉಸಿರು ಹಿಡಿದುಕೊಂಡಿತ್ತು.

ಆ ಕೊನೆಯ ತೆಪ್ಪ ಹೋದಾಗ ಊರಿನ ನೋಟರಿಯೊಬ್ಬರ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದ. ನಿತ್ಯ ಕೆಮ್ಮು, ಉಬ್ಬಸ. ಕಿಟಕಿಯ ಬಳಿ ಕುಳಿತು ಕಾಲುವೆಯ ನೀರನ್ನು ನೋಡುವುದು, ಸಂತ ಮಾರ್ತೇನನ ಇಗರ್ಜಿಯ ಗಂಟೆಗಳನ್ನು ಕೇಳುವುದು. ಮೂರು ವರ್ಷದ ತಂಗಿ 1871ರಲ್ಲಿ ತೀರಿಕೊಂಡಿದ್ದಳು. ಅವನೇ ರೊಮೇನ್ ರೋಲಾ, 1866ರ ಜನವರಿ 29ರಂದು ಹುಟ್ಟಿದವನು. 1880ರಲ್ಲಿ ಮಗನ ಓದಿಗೋಸ್ಕರ ತಂದೆ ನೋಟರಿಯ ವೃತ್ತಿಯನ್ನು ಬಿಟ್ಟು ಸಂಸಾರಸಮೇತ ಪ್ಯಾರಿಸ್ಸಿಗೆ ಹೋಗಿ ಬ್ಯಾಂಕೊಂದರಲ್ಲಿ ಸಾಮಾನ್ಯ ನೌಕರನಾದ. ಊರಿನಲ್ಲಿ ಗೌರವದಿಂದಿದ್ದವನು ಮಹಾನಗರದಲ್ಲಿ ಯಾರಿಗೂ ತಿಳಿಯದವನಾದ. ಮಕ್ಕಳ ಓದಿಗೆಂದು ಹುಟ್ಟೂರು ಬಿಟ್ಟ ತಂದೆತಾಯಿಗಳು ನಮ್ಮ ಓದುಗರಲ್ಲಿಯೂ ಇದ್ದಾರು. ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರೋಲಾ ಅವರ ಮುಂದಿನ ಜೀವನವನ್ನು ಇಲ್ಲಿ ಹೇಳಹೊರಟರೆ ಬೇರೊಂದು ಲೇಖನವೇ ಆದೀತು. 1914ರಲ್ಲಿ ಮಹಾಯುದ್ಧ ತೊಡಗಿದಾಗ ಅವರು ಸ್ವಿಟ್ಜರ್ಲೆಂಡಿನಲ್ಲಿದ್ದು, ದ್ವೇಷದ ಉನ್ಮಾದಕ್ಕೆ ಎದುರಾಗಿ ಬರೆದು, ಸ್ವಂತ ದೇಶದವರಿಂದಲೇ ದ್ರೋಹಿಯೆನಿಸಿಕೊಂಡರು. 1915ರ ನೊಬೆಲ್ ಬಹುಮಾನದ ಹಣವನ್ನು ಪರಿಹಾರ ಕಾರ್ಯಗಳಿಗೆ ಹಂಚಿಬಿಟ್ಟರು. ಆದರೆ ಯುದ್ಧಕ್ಕೆ ಮುಂಚೆಯೇ ಅವರು ಬರೆದು ಮುಗಿಸಿ, ಯುದ್ಧದ ಕಾರಣದಿಂದ 1919ರವರೆಗೆ ಪ್ರಕಟವಾಗದೆ ಉಳಿದ ಕಾದಂಬರಿಯೊಂದಿದೆ: ‘ಕೊಲಾ ಬ್ರುನ್ಯೋಂ’. ಕಥೆ ನಡೆಯುವುದು ಕ್ಲಾಮ್‌ಸಿಯಲ್ಲಿ, ಹದಿನೇಳನೆಯ ಶತಮಾನದ ಆದಿಯಲ್ಲಿ. ನಾಯಕ ದೊರೆಯಲ್ಲ, ಬಿಷಪ್ಪನಲ್ಲ, ವರ್ತಕನೂ ಅಲ್ಲ, ಒಬ್ಬ ಬಡಗಿ. ಪ್ಲೇಗು ಬರುತ್ತದೆ, ಮನೆ ಸುಟ್ಟುಹೋಗುತ್ತದೆ, ಹೆಂಡತಿ ಸಾಯುತ್ತಾಳೆ. ಆ ಮುದುಕನ ನಗೆ ಮಾತ್ರ ಆರುವುದಿಲ್ಲ. ರೋಲಾ ಅವರ ಗಂಭೀರ ಗ್ರಂಥಗಳನ್ನು ಓದಿದವರು ಇದನ್ನು ಓದಿದರೆ ಬರೆದವರು ಅವರೇನೇ ಎಂದು ಬೆರಗಾಗುತ್ತಾರೆ.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದು. ತಂಗಿ ಮದಲೇನ್ ಓದಿ ಹೇಳುತ್ತಿದ್ದರು. ಆ ತೀರಿಕೊಂಡ ಮಗುವಿನ ಹೆಸರನ್ನೇ ಆಮೇಲೆ ಹುಟ್ಟಿದ ಈಕೆಗೆ ಇಟ್ಟಿದ್ದರು. ಗಾಂಧೀಜಿಯನ್ನು ಕುರಿತ ಪುಸ್ತಕ 1924ರಲ್ಲಿ ಬಂತು. ಅದನ್ನು ಓದಿಯೇ ಇಂಗ್ಲೆಂಡಿನ ನೌಕಾಧಿಪತಿಯೊಬ್ಬರ ಮಗಳು 1925ರಲ್ಲಿ ಸಾಬರಮತಿಗೆ ಬಂದು ಮೀರಾ ಬೆನ್ ಆದದ್ದು. ರಾಮಕೃಷ್ಣರ ಚರಿತ್ರೆ 1929ರಲ್ಲಿ, ವಿವೇಕಾನಂದರದು 1930ರಲ್ಲಿ ಹೊರಬಂದವು. 1931ರ ಡಿಸೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತನ್ನು ಮುಗಿಸಿಕೊಂಡು ಹಿಂದಿರುಗುವಾಗ, ಗಾಂಧೀಜಿ ಸ್ವಿಟ್ಜರ್ಲೆಂಡಿನ ವಿಲ್ನವ್ ಎಂಬ ಊರಿನಲ್ಲಿದ್ದ ರೋಲಾ ಅವರ ಮನೆಗೆ ಹೋಗಿ ಐದು ದಿನ ತಂಗಿದರು. ಹೊರಡುವ ಹಿಂದಿನ ಸಂಜೆ ಬೀಥೋವನ್ನನನ್ನು ಕೇಳಬೇಕೆಂದು ಗಾಂಧೀಜಿ ಬಯಸಲು, ರೋಲಾ ಅವರು ಪಿಯಾನೋ ಮುಂದೆ ಕುಳಿತು ಐದನೆಯ ಸಿಂಫನಿಯ ನಿಧಾನ ಗತಿಯ ಭಾಗವನ್ನು ನುಡಿಸಿದರು.

ಕೊನೆಗೆ ಅವರು ಹುಟ್ಟೂರಿನ ಕಡೆಗೇ ತಿರುಗಿದರು. 1938ರಿಂದ ಕ್ಲಾಮ್‌ಸಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದೂರದ ವೆಜಲೆ ಎಂಬ ಬೆಟ್ಟದೂರಿನಲ್ಲಿ ವಾಸ. ಜರ್ಮನರು ದೇಶವನ್ನು ಹಿಡಿದಿದ್ದ ಕಾಲವನ್ನು ಅಲ್ಲೇ ಕಳೆದರು. ಬಿಡುಗಡೆಯಾದ ಮೇಲೆ, 1944ರ ಡಿಸೆಂಬರ್ 30ರಂದು ಅಲ್ಲೇ ತೀರಿಕೊಂಡರು. ಕ್ಲಾಮ್‌ಸಿಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ತೆಪ್ಪದಾಳುಗಳ ನೆನಪನ್ನೂ ಅದು ಕಾದುಕೊಂಡಿದೆ. ಸಮಾಧಿ ಮಾತ್ರ ಊರಿನಲ್ಲಿಲ್ಲ. ಯೋನ್ ನದಿಯ ಮೇಲುಗಡೆ, ಹತ್ತು ಕಿಲೋಮೀಟರಿನ ಒಳಗೆ, ಬ್ರೆವ್ ಎಂಬ ಹಳ್ಳಿಯಲ್ಲಿದೆ. ಮೊರ್ವಾಂ ಬೆಟ್ಟದಲ್ಲಿ ತೇಲಿಬಿಟ್ಟ ಕೊರಡುಗಳು ಕ್ಲಾಮ್‌ಸಿಯ ಕಟ್ಟೆಗೆ ಬಂದು ನಿಲ್ಲುವ ಮೊದಲು ಆ ಹಳ್ಳಿಯನ್ನು ಹಾದೇ ಬರಬೇಕಾಗಿತ್ತು.